ಊರಿನ ಹೆಸರು ಹೊತ್ತ ಸೀರೆ, ಊರಿನ ಹೆಸರು ಹೊತ್ತ ತಂಡ

ರಾಯಚೂರು ಬಿಟ್ಟು ಕೃಷ್ಣಾ ನದಿಯ ಸೇತುವೆ ದಾಟಿದರೆ ತೆಲಂಗಾಣ. ಅಂಗಡಿ ಬೋರ್ಡುಗಳ ಲಿಪಿ ಬದಲಾದಷ್ಟು ಬೇಗ ಜನರ ಮಾತು ಬದಲಾಗುವುದಿಲ್ಲ. ಇದರಲ್ಲಿ ಅಚ್ಚರಿಯೇನಿಲ್ಲ. 1956ರವರೆಗೆ ಗದ್ವಾಲ್ ತಾಲ್ಲೂಕು ರಾಯಚೂರು ಜಿಲ್ಲೆಗೇ ಸೇರಿತ್ತು. ಕಳೆದ ಬೇಸಿಗೆ ರಜೆಯಲ್ಲಿ ನಾವು ಮಖ್ತಲ್, ನಾರಾಯಣಪೇಟೆ ಮತ್ತು ಗದ್ವಾಲ್ ಊರುಗಳನ್ನು ನೋಡಿಬಂದೆವು.

ಕೃಷ್ಣಾ ಸ್ಟೇಷನ್ನಿನಿಂದ ಮಖ್ತಲ್ ಕಡೆಗೆ 2023ರಿಂದ ರೈಲು ಓಡುತ್ತಿದೆ. ಮಖ್ತಲಿನಲ್ಲಿ ಇಳಿದಾಗ ಸಂಜೆಯಾಗಿತ್ತು. ಬಯಲಿನಲ್ಲಿ ಹುಡುಗರು ಚಪ್ಪಲಿಗಳನ್ನೇ ಗೋಲು ಕಂಬಗಳಾಗಿ ಇಟ್ಟು ಫುಟ್ಬಾಲ್ ಆಡುತ್ತಿದ್ದರು. ಒಬ್ಬನ ಮೈಮೇಲೆ ಬಣ್ಣ ಮಾಸಿದ ಹಳದಿ ಅಂಗಿ. ಅದು ಹೈದರಾಬಾದ್ ಎಫ್‌ಸಿ ತಂಡದ್ದು. "ನಿನ್ನ ಟೀಮ್ ಏನಪ್ಪಾ?" ಎಂದು ಕೇಳಿದೆವು.

"ಈ ಟೀಮ್ ಈಗ ಎಲ್ಲೈತ್ರೀ ಸರ್? ದಿಲ್ಲಿಗೆ ಹೋಗ್ಯಾದ. ನಮ್ಮನ್ನ ಯಾರ್ ಕೇಳ್ಯಾರ್ರೀ?" ಎಂದ.

ಅವನ ಮಾತು ನಿಜ. 2019ರಲ್ಲಿ ಹುಟ್ಟಿದ ಆ ತಂಡ 2022ರ ಮಾರ್ಚ್ 20ರಂದು ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಅಂದು ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟೀಮನಿ ಮೂರು ಪೆನಾಲ್ಟಿಗಳನ್ನು ತಡೆದರು. 2025ರಲ್ಲಿ ತಂಡ ದೆಹಲಿಗೆ ಹೋಗಿ ಹೆಸರನ್ನೂ ಬದಲಿಸಿಕೊಂಡಿತು. ಹುಡುಗನ ಬಳಿ ಉಳಿದದ್ದು ಅಂಗಿ ಮಾತ್ರ. ಹಾಗಾದರೆ ಒಂದು ತಂಡ ಯಾರದು? ದುಡ್ಡು ಹಾಕಿದವರದೋ, ಊರಿನವರದೋ? ಈ ಪ್ರಶ್ನೆ ಪ್ರಯಾಣದುದ್ದಕ್ಕೂ ನಮ್ಮನ್ನು ಬಿಡಲಿಲ್ಲ.

ಹೈದರಾಬಾದಿಗೆ ಫುಟ್ಬಾಲ್ ಹೊಸದಲ್ಲ. ಶಾಲಾ ಶಿಕ್ಷಕರಾಗಿದ್ದ ಸೈಯದ್ ಅಬ್ದುಲ್ ರಹೀಮ್ ಅವರು ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಬೆಳೆಸಿದರು. ಅವರ ತರಬೇತಿಯಲ್ಲಿ ಭಾರತ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದಿತು. ಆಗ ಆಟಗಾರನಿಗೆ ಅನ್ನ ಕೊಡುತ್ತಿದ್ದದ್ದು ಪೊಲೀಸ್, ರೈಲ್ವೆಯಂಥ ಇಲಾಖೆಗಳು ಮತ್ತು ಕಾರ್ಖಾನೆಗಳು.

ಜಪಾನಿನಲ್ಲೂ ಹೀಗೆಯೇ ಇತ್ತು. 1965ರಲ್ಲಿ ಆರಂಭವಾದ ಅವರ ಲೀಗಿನಲ್ಲಿ ಕಂಪನಿಗಳ ತಂಡಗಳು ಆಡುತ್ತಿದ್ದವು. 1993ರ ಮೇ 15ರಂದು 10 ತಂಡಗಳೊಂದಿಗೆ ಜೆ ಲೀಗ್ ಆರಂಭವಾದಾಗ, ಅದರ ಮೊದಲ ಅಧ್ಯಕ್ಷ ಸಬುರೊ ಕವಾಬುಚಿ ಒಂದು ಹಟ ಹಿಡಿದರು: ತಂಡದ ಹೆಸರಿನಲ್ಲಿ ಕಂಪನಿ ಬೇಡ, ಊರು ಇರಲಿ. ಕಾಶಿಮಾ ಎಂಬ ಸಣ್ಣ ಊರು ಬ್ರೆಜಿಲಿನ ಜೀಕೋ ಅವರನ್ನು ಕರೆತಂದು, ಹೊಸ ಕ್ರೀಡಾಂಗಣದಲ್ಲಿ ಆಡಿ, ದೊಡ್ಡ ನಗರಗಳಿಗೆ ಸಮನಾಗಿ ನಿಂತಿತು. 2024ರಲ್ಲಿ ಆ ಲೀಗಿನ ಮೂರು ದರ್ಜೆಗಳಲ್ಲಿ ತಲಾ 20ರಂತೆ 60 ತಂಡಗಳಾದವು.

ಅಲ್ಲಿಯೂ ನೋವು ಇಲ್ಲದಿಲ್ಲ. 1998ರಲ್ಲಿ ಹಣದ ಮುಗ್ಗಟ್ಟಿನಿಂದ ಯೊಕೊಹಾಮಾ ಫ್ಲೂಗೆಲ್ಸ್ ತಂಡವನ್ನು ಅದೇ ಊರಿನ ಇನ್ನೊಂದು ತಂಡದಲ್ಲಿ ವಿಲೀನ ಮಾಡಲಾಯಿತು. ತನ್ನ ಕೊನೆಯ ಪಂದ್ಯದಲ್ಲಿ, 1999ರ ಜನವರಿ 1ರಂದು, ಅದು ಎಂಪರರ್ಸ್ ಕಪ್ ಗೆದ್ದು ಮರೆಯಾಯಿತು. ಅಭಿಮಾನಿಗಳು ಅತ್ತು ಸುಮ್ಮನಾಗಲಿಲ್ಲ. ತಾವೇ ಮುಂದೆ ನಿಂತು ಯೊಕೊಹಾಮಾ ಎಫ್‌ಸಿ ಕಟ್ಟಿದರು. ಕೆಳಗಿನಿಂದ ಮೇಲೇರುತ್ತ ಆ ತಂಡ 2007ರಲ್ಲಿ ಮೊದಲ ದರ್ಜೆಯಲ್ಲಿ ಆಡಿತು.

ಮರುದಿನ ನಾರಾಯಣಪೇಟೆಯಲ್ಲಿ ಮಗ್ಗದ ಸದ್ದು ಕೇಳುತ್ತ ನಿಂತೆವು. ಚೌಕಳಿಯ ಒಡಲು, ಅಗಲವಾದ ಅಂಚು. ಕೃಷ್ಣೆಯನ್ನು ಮತ್ತೆ ದಾಟಿ ಗದ್ವಾಲಿಗೆ ಬಂದರೆ ಸಂಸ್ಥಾನದ ಹಳೆಯ ಕೋಟೆ, ಸುತ್ತಲೂ ನೇಕಾರರ ಊರು. ಇಲ್ಲಿಯ ಸೀರೆಗೆ ಹತ್ತಿಯ ಒಡಲು, ರೇಷ್ಮೆಯ ಅಂಚು ಮತ್ತು ಸೆರಗು. ಎರಡು ಬಗೆಯ ನೂಲನ್ನು ಮಗ್ಗದಲ್ಲೇ ಕೊಂಡಿ ಹಾಕಿದಂತೆ ಬೆಸೆಯುತ್ತಾರೆ. ಬಂಡವಾಳ ಹೂಡುವ ಸಾಹುಕಾರರು ಬದಲಾಗಿದ್ದಾರೆ, ಅಂಗಡಿಗಳು ಬದಲಾಗಿವೆ. ಆದರೆ ಸೀರೆ ಬೆಂಗಳೂರಿಗೆ ಹೋದರೂ ಮುಂಬಯಿಗೆ ಹೋದರೂ ಅದು ಗದ್ವಾಲ್ ಸೀರೆ, ನಾರಾಯಣಪೇಟೆ ಸೀರೆಯೇ. ಭೌಗೋಳಿಕ ಗುರುತಿನ ಕಾನೂನೂ ಆ ಹೆಸರುಗಳನ್ನು ಕಾಯುತ್ತದೆ. ಹೆಸರು ಉಳಿದದ್ದು ಕೈಗಳು ಆ ಊರಲ್ಲೇ ಉಳಿದದ್ದರಿಂದ.

ಪ್ರಿಯ ಓದುಗರೇ, ಆ ಹುಡುಗನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಎನಿಸಿತು. ಮೇಲಿನಿಂದ ತಂದು ನಿಲ್ಲಿಸಿದ್ದನ್ನು ಇನ್ನೊಬ್ಬರು ಎತ್ತಿಕೊಂಡು ಹೋಗಬಹುದು. ಊರೇ ನೇಯ್ದದ್ದನ್ನು ಒಯ್ಯುವುದು ಕಷ್ಟ. ನಮ್ಮ ಧರ್ಮಕೇಂದ್ರಗಳ ಮಕ್ಕಳಿಗೆ ಆಡಲು ಬಯಲು ಇದೆಯೇ? ಸಂಜೆ ಅವರ ಆಟ ನೋಡಲು ನಮ್ಮಲ್ಲಿ ಎಷ್ಟು ಮಂದಿ ಹೋಗುತ್ತೇವೆ? ಚೆಂಡು ಕೊಡಿಸುವುದು ಸುಲಭ. ಬಯಲಿನ ಅಂಚಿನಲ್ಲಿ ಅರ್ಧ ಗಂಟೆ ನಿಲ್ಲುವುದು ಅಷ್ಟು ಸುಲಭವಲ್ಲ.

ಹಿಂದಿರುಗುವಾಗ ಮಖ್ತಲಿನ ಹುಡುಗನಿಗೆ ಹೊಸ ಅಂಗಿ ಕಳಿಸೋಣವೆಂದುಕೊಂಡೆವು. ಯಾವ ತಂಡದ್ದು? ಬೆನ್ನ ಮೇಲೆ 'ಮಖ್ತಲ್' ಎಂದೇ ಬರೆಸುವುದೆಂದು ತೀರ್ಮಾನವಾಯಿತು.