ಸಮವಸ್ತ್ರದ ಗುಂಡಿಯಷ್ಟೇ ಸತ್ಯವಲ್ಲ

ಅಮೆರಿಕದ ಅಂತರ್ಯುದ್ಧದ ಗೆಟ್ಟಿಸ್‌ಬರ್ಗ್ ಕದನವನ್ನು ಹವ್ಯಾಸಿಗಳು ಮತ್ತೆ ಮತ್ತೆ ಆಡಿ ತೋರಿಸುತ್ತಾರೆ. ಬೇಸಿಗೆಯ ಬಿಸಿಲಲ್ಲಿ ಉಣ್ಣೆಯ ಸಮವಸ್ತ್ರ, ಹೆಗಲಿಗೆ ಭಾರದ ಬಂದೂಕು, ಕಣ್ಣುರಿಸುವ ಮದ್ದಿನ ಹೊಗೆ. ಪುಸ್ತಕದಿಂದ ಸಿಗದ ತಿಳಿವು ಅದರಲ್ಲಿದೆ, ಆ ಸೆಳೆತ ನನಗೆ ಅರ್ಥವಾಗುತ್ತದೆ. ಆದರೆ 1863ರ ಜುಲೈನಲ್ಲಿ ಅಲ್ಲಿ ಮೂರೇ ದಿನಕ್ಕೆ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಸೇರಿ ಸುಮಾರು 50 ಸಾವಿರ ಮಂದಿ. ಆ ರಣಭೂಮಿಯನ್ನು ನೋಡಿಕೊಳ್ಳುವ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ ತನ್ನ ನೆಲದಲ್ಲಿ ಎದುರುಬದುರು ಗುಂಡು ಹಾರಿಸುವ ಅಣಕು ಕದನಕ್ಕೆ ಅವಕಾಶ ಕೊಡುವುದಿಲ್ಲ. ಅದೇ ಸರಿ.

ಗುಂಡಿ, ಹೊಲಿಗೆ, ಫಿರಂಗಿಯಲ್ಲಿ ಇಷ್ಟು ನಿಖರತೆ ಬೇಡುವವರು ಗುಲಾಮಗಿರಿಯ ಮಾತು ಬಂದಾಗ ಸುಮ್ಮನಾದರೆ ಅದು ಇತಿಹಾಸವಾಗದು. ದಕ್ಷಿಣದ ಸೈನಿಕನ ವೇಷ ಹಾಕುವವರೇ, ಆ ಸೇನೆ ಯಾವುದನ್ನು ಉಳಿಸಲು ಹೋರಾಡಿತು ಎಂಬುದನ್ನೂ ನೋಡಲು ಬಂದ ಮಕ್ಕಳಿಗೆ ಹೇಳಿ.