ಗಾಳಿಗೆ ಎದುರಾಗುವ ಸರದಿ

ಕಳೆದ ಚಳಿಗಾಲದ ಒಂದು ಭಾನುವಾರ ನಸುಕಿನಲ್ಲಿ ನಾನು ನಂದಿಬೆಟ್ಟದ ಆಸುಪಾಸಿನ ರಸ್ತೆಯೊಂದರ ಬದಿಯಲ್ಲಿ ಶಾಲು ಹೊದ್ದು ನಿಂತಿದ್ದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ಮಗಳು ಅಲ್ಲಿಯ ಸೈಕಲ್ ಸಂಘವೊಂದರ ಸದಸ್ಯೆ. ವಾರವೆಲ್ಲ ಗಣಕಯಂತ್ರದ ಮುಂದೆ ಕುಳಿತು ದುಡಿಯುವ ತರುಣ ತರುಣಿಯರು ರಜೆಯ ದಿನ ಬೆಳಗಾಗುವ ಮುನ್ನವೇ ಎದ್ದು, ಕೈಯಿಂದ ಹಣ ಹಾಕಿಕೊಂಡು ಸ್ಪರ್ಧೆ ನಡೆಸುತ್ತಾರೆ. ಇದರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಆದರೂ ಅವರ ಮುಖದ ಮೇಲಿನ ಉತ್ಸಾಹ ನೋಡಿದರೆ ಜಾತ್ರೆಗೆ ಹೊರಟ ಮಕ್ಕಳ ನೆನಪಾಗುತ್ತದೆ.

ತಿರುವಿನಾಚೆ ಮೊದಲು ಸದ್ದು ಕೇಳಿಸಿತು. ಹತ್ತಾರು ಚೈನುಗಳ, ಗಾಲಿಗಳ ಸದ್ದು; ಜೇನುಹುಟ್ಟು ಎದ್ದು ಬಂದಂತೆ. ಮರುಕ್ಷಣ ಹೆಣ್ಣುಮಕ್ಕಳ ಗುಂಪೊಂದು ಕಣ್ಣಮುಂದೆ ಹಾದು ಗೆರೆ ದಾಟಿತು. ಅದರ ಹಿಂದೆ ನನ್ನ ಮಗಳು ಏದುಸಿರು ಬಿಡುತ್ತ ಬಂದಳು.

“ಎಷ್ಟನೆಯ ನಂಬರು ಬಂತವ್ವಾ?” ಎಂದೆ.

“ಹನ್ನೊಂದು ಅಪ್ಪಾ! ಆದರ ನಮ್ಮ ಸಂಘದ ಹುಡುಗಿ ಗೆದ್ದಳು. ಕಡೀಕ ಮೂರು ಕಿಲೋಮೀಟರ್ ಆಕಿ ಮುಂದ ನಾನು ಇದ್ದೆ!” ಎಂದು ಹೇಳಿ ಆ ಹುಡುಗಿಯನ್ನು ತಬ್ಬಿಕೊಳ್ಳಲು ಓಡಿದಳು.

ಪಕ್ಕದಲ್ಲಿದ್ದ ಹಿರಿಯರೊಬ್ಬರು, “ಹನ್ನೊಂದನೆಯವಳಾಗಿ ಬಂದು ಇಷ್ಟು ಸಂತೋಷವೇ?” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅವಳ ಮಾತಿನ ಅರ್ಥ ನನಗೆ ಚೆನ್ನಾಗಿ ತಿಳಿದಿತ್ತು. ಮೂವತ್ತೊಂಬತ್ತು ವರ್ಷಗಳಿಂದ ಯಾರಿಗೂ ಹೇಳದ ಸಂಗತಿಯೊಂದು ಎದೆಯಲ್ಲಿ ಕದಲಿತು.

ಅದನ್ನು ಹೇಳುವ ಮೊದಲು ಈ ಆಟದ ಮರ್ಮವನ್ನು ತಿಳಿಸಬೇಕು. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಸೈಕಲ್ ತುಳಿಯುವವನ ದೊಡ್ಡ ವೈರಿಯೆಂದರೆ ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಮುಂದಿನವನ ಗಾಲಿಗೆ ಗೇಣಳತೆಯಲ್ಲಿ ತನ್ನ ಗಾಲಿಯನ್ನಿಟ್ಟು ಸಾಗುವವನಿಗೆ ಸುಮಾರು ಮೂರರಲ್ಲಿ ಒಂದು ಪಾಲು ಶ್ರಮ ಉಳಿಯುತ್ತದೆ. 121 ಸವಾರರ ಗುಂಪಿನ ಮಾದರಿಯನ್ನಿಟ್ಟು ನಡೆಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅಂಥ ಗುಂಪಿನ ನಡುವೆ ಹಿಂದೆ ಅಡಗಿದವನಿಗೆ, ಒಂಟಿಯಾಗಿ ಸಾಗುವವನಿಗೆ ಎದುರಾಗುವ ತಡೆಯ 5ರಿಂದ 10 ಪ್ರತಿಶತದಷ್ಟು ಮಾತ್ರ ತಾಗುತ್ತದೆಂದು ಅದರಲ್ಲಿ ಕಂಡುಬಂದಿತು. ಆದ್ದರಿಂದ ಗುಂಪಿನಿಂದ ತಪ್ಪಿಸಿಕೊಂಡು ಮುನ್ನುಗ್ಗಿದ ನಾಲ್ಕೈದು ಜನರು, ಒಬ್ಬರನ್ನೊಬ್ಬರು ಸೋಲಿಸಬೇಕಾದವರೇ ಆಗಿದ್ದರೂ, ಸರದಿಯಂತೆ ಮುಂದೆ ಬಂದು ಗಾಳಿಗೆ ಎದೆಯೊಡ್ಡುತ್ತಾರೆ. ಈ ಸರದಿ ಯಾವ ನಿಯಮಪುಸ್ತಕದ ಅಂಜಿಕೆಯಿಂದಲೂ ನಡೆಯುವುದಿಲ್ಲ, ಪರಸ್ಪರ ನಂಬಿಕೆಯಿಂದ ನಡೆಯುತ್ತದೆ.

1985ರ ಆಷಾಢದ ಮಾತು. ಆಗ ನಮ್ಮ ಊರಿಗೆ ಬಿಜಾಪುರವೆಂದೇ ಹೆಸರು. ಬಾಗಲಕೋಟೆಯೂ ನಮ್ಮದೇ ಜಿಲ್ಲೆಯಲ್ಲಿತ್ತು. ಸೈಕಲ್ಲಿನ ಹುಚ್ಚು ನಮ್ಮ ಸೀಮೆಯ ಹುಡುಗರಿಗೆ ಅಂದೂ ಇತ್ತು, ಇಂದೂ ಇದೆ. ನಮ್ಮ ಓಣಿಯ ಹುಡುಗರು ಕೂಡಿ ಸಣ್ಣದೊಂದು ಸಂಘ ಕಟ್ಟಿಕೊಂಡಿದ್ದೆವು. ಗೇರು ಇರುವ ಪರದೇಶದ ಸೈಕಲ್ಲನ್ನು ಚಿತ್ರದಲ್ಲಿ ಮಾತ್ರ ನೋಡಿದವರು ನಾವು. ಹಾಲು ಹಾಕಲು, ಹೊಲಕ್ಕೆ ಬುತ್ತಿ ಒಯ್ಯಲು ಮನೆಯಲ್ಲಿದ್ದ ಸೈಕಲ್ಲಿನ ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು ಬಿಚ್ಚಿಟ್ಟು ಅದನ್ನೇ ರೇಸಿನ ಸೈಕಲ್ ಮಾಡುತ್ತಿದ್ದೆವು. ಸಂಜೆ ಮತ್ತೆ ಎಲ್ಲವನ್ನೂ ಜೋಡಿಸದಿದ್ದರೆ ಮನೆಯಲ್ಲಿ ಬೈಗುಳ ತಪ್ಪುತ್ತಿರಲಿಲ್ಲ. ಸಂಘಕ್ಕೆಲ್ಲ ಒಂದೇ ಹವಾ ಪಂಪು. ಒಬ್ಬನ ಟ್ಯೂಬು ಪಂಕ್ಚರಾದರೆ ನಾಲ್ಕು ಜನ ಕೂತು ತೇಪೆ ಹಚ್ಚುತ್ತಿದ್ದೆವು. ಕಿಸೆಯಲ್ಲಿ ಬೆಲ್ಲ, ಶೇಂಗಾ. ಮರಳಿ ಬಂದ ಮೇಲೆ ಯಾರದಾದರೂ ಮನೆಯಲ್ಲಿ ಸೂಸಲ, ಚಹ. ಆ ಸುಖ ಮುಂದೆ ಯಾವ ಹೋಟೆಲಿನಲ್ಲೂ ದೊರೆಯಲಿಲ್ಲ.

ಆ ವರ್ಷ ಬಸವನ ಬಾಗೇವಾಡಿಯಿಂದ ಬಿಜಾಪುರದವರೆಗೆ ಸ್ಪರ್ಧೆ ಏರ್ಪಟ್ಟಿತು. ದೂರ ನಲವತ್ತು ಕಿಲೋಮೀಟರಿಗೂ ತುಸು ಹೆಚ್ಚು. ಮೊದಲ ಇಬ್ಬರನ್ನು ಮುಂದಿನ ಹಂತದ ಸ್ಪರ್ಧೆಗೆ ಕಳುಹಿಸುವುದೆಂದು ಹಿರಿಯರು ಮೊದಲೇ ಸಾರಿದ್ದರು. ನಮ್ಮ ಸಂಘದಿಂದ ನಾನೂ ನನ್ನ ಬಾಲ್ಯದ ಗೆಳೆಯನೂ ಹೊರಟೆವು. ಅವನ ಹೆಸರು ಬರೆದರೆ ಅವನಿಗೆ ಮುಜುಗರವಾದೀತು, ಗೆಳೆಯನೆಂದೇ ಕರೆಯುವೆ.

ಆಷಾಢದ ಗಾಳಿಯನ್ನು ನಮ್ಮ ಎರೆಭೂಮಿಯಲ್ಲಿ ಬಾಳಿದವರೇ ಬಲ್ಲರು. ತಡೆಯಲು ಗಿಡವಿಲ್ಲ, ಗುಡ್ಡವಿಲ್ಲ. ಅಂದು ಅದು ಎಡಗಡೆಯಿಂದ ಓರೆಯಾಗಿ ಮುಖಕ್ಕೆ ಅಪ್ಪಳಿಸುತ್ತಿತ್ತು. ಮನಗೂಳಿ ದಾಟುವಷ್ಟರಲ್ಲಿ ಗುಂಪು ಹರಿದು ಚೂರಾಗಿ, ನಾವು ಐದು ಜನ ಮುಂದೆ ಉಳಿದೆವು. ಸರದಿ ಹಚ್ಚಿದೆವು. ಮುಂದಿನವನು ದಣಿದು ಪಕ್ಕಕ್ಕೆ ಸರಿಯುವುದು, ಮರೆಯಲ್ಲಿದ್ದವನು ಮುಂದೆ ಬರುವುದು. ಯಾರೂ ಮಾತಾಡುತ್ತಿರಲಿಲ್ಲ. ಐದು ಜನರ ಉಸಿರು ಒಂದೇ ತಾಳಕ್ಕೆ ಬಿದ್ದಂತಿತ್ತು. ಹಿಂದೆ ತಿರುಗಿ ನೋಡಿದರೆ ಖಾಲಿ ರಸ್ತೆ! ಆ ಕ್ಷಣದ ರೋಮಾಂಚನವನ್ನು ಈ ವಯಸ್ಸಿನಲ್ಲಿ ನೆನೆದರೂ ಮೈ ಬೆಚ್ಚಗಾಗುತ್ತದೆ.

ಊರು ಇನ್ನೂ ಎಂಟು ಕಿಲೋಮೀಟರ್ ಇರುವಾಗ ನನ್ನ ಮನಸ್ಸು ಕೆಟ್ಟಿತು. ಇದೇ ರೀತಿ ತುಳಿದರೆ ಕೊನೆಗೆ ಕಾಲಲ್ಲಿ ಬಲ ಉಳಿಯದು, ಸ್ವಲ್ಪ ಅಡಗಿದರೆ ಗೆಲ್ಲಬಹುದು ಎನಿಸಿತು. ನನ್ನ ಸರದಿ ಬಂದಾಗ, “ಕಾಲು ಹಿಡದಾವೋ, ಆಗೂದಿಲ್ಲ” ಎಂದು ಗೆಳೆಯನಿಗೆ ಕೂಗಿದೆ. ಅದು ಸುಳ್ಳು.

“ನೀ ನನ್ನ ಹಿಂದ ಇರು, ನಾ ಹೊಕ್ಕೇನಿ” ಎಂದು ಅವನು ಮುಂದೆ ಹೋದ. ತನ್ನ ಸರದಿಯ ಜೊತೆಗೆ ನನ್ನದನ್ನೂ ಅವನೇ ತುಳಿದ. ಒಮ್ಮೆಯಲ್ಲ, ಗೋಳಗುಮ್ಮಟ ಕಣ್ಣಿಗೆ ನಿಚ್ಚಳವಾಗಿ ಕಾಣುವವರೆಗೂ. ನಾನು ಅವನ ಬೆನ್ನಿನ ಮರೆಯಲ್ಲಿ ಕಾಲು ಕಾಯ್ದುಕೊಂಡೆ. ಕೊನೆಯ ಮುನ್ನೂರು ಮೀಟರಿನಲ್ಲಿ ಎದ್ದು ತುಳಿದೆ. ಅವನ ಪಕ್ಕದಲ್ಲಿಯೇ ಹಾದುಹೋದೆ. ನಾನು ಎರಡನೆಯವನಾದೆ, ಅವನು ನಾಲ್ಕನೆಯವನಾದ.

ಬಹುಮಾನವಾಗಿ ಹಿತ್ತಾಳೆಯ ತಂಬಿಗೆ ದೊರೆಯಿತು. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಗೆಳೆಯ, “ಕಾಲು ನೋವಿದ್ದರೂ ಭಾಳ ಚಲೋ ತುಳದಿ” ಎಂದು ಬೆನ್ನು ತಟ್ಟಿದ. ಮುಂದಿನ ಹಂತದಲ್ಲಿ ನಾನು ಅರ್ಧದಾರಿಯಲ್ಲೇ ಹಿಂದುಳಿದೆ. ನಮ್ಮಿಬ್ಬರಲ್ಲಿ ಗಟ್ಟಿ ಕಾಲಿನವನು ಅವನೇ; ಹೋಗಬೇಕಾದವನೂ ಅವನೇ. ಮರುವರ್ಷ ಅವನ ತಂದೆ ತೀರಿಕೊಂಡರು. ಅವನು ಸೈಕಲ್ ದುರಸ್ತಿಯ ಅಂಗಡಿ ಹಾಕಿದ. ಸ್ಪರ್ಧೆಗಳು ಅವನ ಬದುಕಿನಿಂದ ದೂರವಾದವು. ನಾನು ಓದಿ ಮಾಸ್ತರನಾದೆ. ಮೋಸ ಮಾಡಬಾರದೆಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದೆ. ಆ ತಂಬಿಗೆ ಮನೆಯ ಗೂಡಿನಲ್ಲಿ ಹೊಳೆಯುತ್ತಲೇ ಇತ್ತು.

ಟೂರ್ ಡಿ ಫ್ರಾನ್ಸ್ ಸ್ಪರ್ಧೆಯನ್ನು 1903ರಲ್ಲಿ ಆರಂಭಿಸಿದ ಆನ್ರಿ ದೆಗ್ರಾಂಜ್, 1911ರಲ್ಲಿ ಮತ್ತೊಬ್ಬನಿಗಾಗಿ ತುಳಿದ ಸವಾರನನ್ನು ‘ಮನೆಯಾಳು’ ಎಂಬರ್ಥದ ಪದದಿಂದ ಹೀಯಾಳಿಸಿದನಂತೆ. ಇಂದು ಅದೇ ಪದ ಆ ಆಟದಲ್ಲಿ ಗೌರವದ ಹೆಸರಾಗಿದೆ. ತನ್ನವರಿಗಾಗಿ ಗಾಳಿಗೆ ಎದುರಾಗುವ ಅಂಥವರಿಲ್ಲದೆ ಯಾವ ದೊಡ್ಡ ಸವಾರನೂ ಗೆಲ್ಲಲಾರ. ನನ್ನ ಮಗಳು ಮನಸ್ಸಾರೆ ಮಾಡಿದ ಕೆಲಸವನ್ನು ನಾನು ಸುಳ್ಳು ಹೇಳಿ ಗೆಳೆಯನಿಂದ ಕಿತ್ತುಕೊಂಡಿದ್ದೆ.

ಊರಿಗೆ ಮರಳಿದ ಮರುದಿನವೇ ತಂಬಿಗೆಯನ್ನು ಚೀಲದಲ್ಲಿಟ್ಟುಕೊಂಡು ಅವನ ಅಂಗಡಿಗೆ ಹೋದೆ. ಅವನು ಗಾಲಿಯ ಕಡ್ಡಿ ಬಿಗಿಯುತ್ತಿದ್ದ. ಎಲ್ಲವನ್ನೂ ಹೇಳಿದೆ. ಅವನು ತಲೆಯೆತ್ತದೆ ಗಾಲಿಯನ್ನು ತಿರುಗಿಸುತ್ತಲೇ ಇದ್ದ. ಬಹಳ ಹೊತ್ತಿನ ಮೇಲೆ, “ನನಗ ಆವತ್ತ ಗೊತ್ತಾಗಿತ್ತು. ಕಾಲು ಹಿಡದವ ಹಂಗ ಎದ್ದು ತುಳಿಯೂದಿಲ್ಲ” ಎಂದ.

“ಮತ್ತ್ಯಾಕ ಸುಮ್ಮನಿದ್ದಿ?”

“ಸಿಟ್ಟು ಬಂದಿತ್ತು. ಭಾಳ ದಿನ ಇತ್ತು. ಆಮ್ಯಾಗ ಅಪ್ಪ ಹೋದ, ಅಂಗಡಿ ಬಂತು, ಸಿಟ್ಟಿಗೆ ಪುರುಸೊತ್ತು ಎಲ್ಲೈತಿ?” ತಂಬಿಗೆಯನ್ನು ಕೈಯಲ್ಲಿ ಹಿಡಿದು ನೋಡಿ ಮರಳಿ ನನ್ನ ಚೀಲದಲ್ಲಿಯೇ ಇಟ್ಟ. “ಇದನ್ನ ತೊಗೊಂಡು ನಾ ಏನ್ ಮಾಡಲಿ? ನಾಳಿ ನಸುಕಿನ್ಯಾಗ ಬಾ. ಮನಗೂಳಿ ತನಕ ಹೋಗಿ ಬರೂಣು. ಬರೂವಾಗ ಮುಂದ ನೀ ಇರಬೇಕು.”

ಹೋದೆವು. ಇಬ್ಬರಿಗೂ ಅರವತ್ತು ದಾಟಿದೆ. ವೇಗ ಎಲ್ಲಿಂದ ಬರಬೇಕು? ಮರಳುವಾಗ ಒಂದು ಸಲವೂ ಅವನನ್ನು ಮುಂದೆ ಬಿಡಲಿಲ್ಲ. ಎದೆ ಉರಿಯಿತು, ಮೊಣಕಾಲು ನೊಂದವು. ಹಿಂದಿನಿಂದ ಅವನ ಚೈನಿನ ಸದ್ದು ಕೇಳುತ್ತಲೇ ಇತ್ತು. ಕಳೆದುಹೋದ ಅವಕಾಶವನ್ನು ಇದು ಮರಳಿಸಲಾರದೆಂದು ನನಗೆ ಗೊತ್ತಿದೆ. ಆದರೂ ಅಂದಿನಿಂದ ವಾರಕ್ಕೊಮ್ಮೆ ಹೋಗುತ್ತಿದ್ದೇವೆ.

ತಂದೆ-ತಾಯಿಗಳಲ್ಲಿ ಒಂದು ವಿನಂತಿ. ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಸೈಕಲ್ ಸಂಘ ಸೇರುತ್ತೇವೆಂದರೆ ತಡೆಯಬೇಡಿರಿ. ತಲೆಗೆ ಹೆಲ್ಮೆಟ್ ಇರಲಿ, ಅನುಭವಿಗಳು ಜೊತೆಗಿರಲಿ, ವಾಹನಗಳ ಸಂಚಾರ ಕಡಿಮೆಯಿರುವ ವೇಳೆಯಲ್ಲಿ ಹೋಗಲಿ. ಅವರು ಮನೆಗೆ ಮರಳಿದಾಗ ನಾನು ಕೇಳಿದಂತೆ ಎಷ್ಟನೆಯ ನಂಬರೆಂದು ಮೊದಲೇ ಕೇಳಬೇಡಿರಿ. ನಿನ್ನ ಸರದಿ ಬಂದಾಗ ಮುಂದೆ ಹೋದೆಯಾ ಎಂದು ಕೇಳಿರಿ.