ಇಗ್ನೇಷಿಯಸ್ ಮಹಾಶಯನೂ ಅವನ ಓದುಗರೂ

ಹಾಸ್ಯಕ್ಕೆ ವಿಕಾರವೇ ಮೂಲವೆಂಬುದು ಭರತಮುನಿಯ ಮತ. ವಿಕೃತವಾದ ವೇಷ, ಧಾರ್ಷ್ಟ್ಯ, ಲೌಲ್ಯ, ಅಸಂಬದ್ಧ ಪ್ರಲಾಪ ಮೊದಲಾದುವನ್ನು ನಾಟ್ಯಶಾಸ್ತ್ರವು ಹಾಸ್ಯರಸದ ವಿಭಾವಗಳೆಂದು ಎಣಿಸುತ್ತದೆ. ಮಠದ ಪಾಠಶಾಲೆಯಲ್ಲಿ ನಾವು ಈ ಪಟ್ಟಿಯನ್ನು ಕಂಠಪಾಠ ಮಾಡುತ್ತಿದ್ದ ಕಾಲದಲ್ಲಿ, ಇವಷ್ಟನ್ನೂ ಒಬ್ಬನೇ ವ್ಯಕ್ತಿಯಲ್ಲಿ ತುಂಬಿ ಸುಮಾರು 400 ಪುಟಗಳವರೆಗೆ ನಡೆಸಿದ ಅಮೆರಿಕದ ಕಾದಂಬರಿಯೊಂದು ಇನ್ನೂ ಅಚ್ಚಾಗದೆ ಹಸ್ತಪ್ರತಿಯಲ್ಲಿಯೇ ಬಿದ್ದಿತ್ತು. ಈಗ ಅರವತ್ತು ದಾಟಿದ ಮೇಲೆ ಅದು ನಮ್ಮ ಕೈಗೆ ಬಂದು, ತಿಂಗಳಿಗೊಮ್ಮೆ ಕೂಡಿ ಓದುವ ನಮ್ಮ ಚಿಕ್ಕ ಗೋಷ್ಠಿಯಲ್ಲಿ ಹಿಂದೆಂದೂ ಏಳದಿದ್ದ ವಾಗ್ವಾದವನ್ನು ಎಬ್ಬಿಸಿತು.

ಕೃತಿಯ ಹೆಸರು 'ಎ ಕಾನ್ಫೆಡರಸಿ ಆಫ್ ಡನ್ಸಸ್'. ದಡ್ಡರ ಒಕ್ಕೂಟವೆನ್ನಬಹುದು. ಕರ್ತೃ ಜಾನ್ ಕೆನಡಿ ಟೂಲ್, ಲೂಯಿಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದವನು. ಕಥೆಯೂ ಅದೇ ನಗರದ್ದು. ಇಗ್ನೇಷಿಯಸ್ ರೈಲಿ ಎಂಬವನು ಮೂವತ್ತು ವರ್ಷದ ಸ್ಥೂಲಕಾಯ, ಕಿವಿ ಮುಚ್ಚುವ ಹಸಿರು ಟೋಪಿಯನ್ನು ತಲೆಯಿಂದ ತೆಗೆಯದವನು, ವಿದ್ಯಾವಂತ, ನಿರುದ್ಯೋಗಿ. ವಿಧವೆ ತಾಯಿಯ ಮನೆಯಲ್ಲಿ ಕೋಣೆಯ ಕದ ಹಾಕಿಕೊಂಡು, ಆಧುನಿಕ ಯುಗದ ಅಧಃಪತನದ ಮೇಲೆ ಮಕ್ಕಳ ನೋಟುಪುಸ್ತಕಗಳಲ್ಲಿ ಬರೆಯುವುದೇ ಅವನ ಉದ್ಯೋಗ. ಲೋಕ ತನ್ನ ಇಚ್ಛೆಯಂತೆ ನಡೆಯದಾಗಲೆಲ್ಲ ತನ್ನ ಜಠರದ ಕವಾಟ ಮುಚ್ಚಿಕೊಳ್ಳುತ್ತದೆಂದು ಗೋಳಿಡುತ್ತಾನೆ. ತಾಯಿ ಕಾರನ್ನು ಗುದ್ದಿಸಿ ಒಂದು ಕಟ್ಟಡಕ್ಕೆ ಹಾನಿ ಮಾಡಿದ್ದರಿಂದ ದಂಡ ತೆರಬೇಕಾಗಿ ಬಂದು, ಮಗ ಕೆಲಸಕ್ಕೆ ಹೋಗಲೇಬೇಕಾಗುತ್ತದೆ. ಷರಾಯಿ ತಯಾರಿಸುವ ಕಾರ್ಖಾನೆಯಲ್ಲಿ ಗುಮಾಸ್ತನಾಗಿ ಕಾಗದಪತ್ರಗಳನ್ನು ಜೋಡಿಸಿಡುವ ಬದಲು ಕಸಕ್ಕೆ ಎಸೆಯುತ್ತಾನೆ. ಕಾರ್ಮಿಕರನ್ನು ದಂಗೆಗೆ ಎಬ್ಬಿಸಲು ಹೋಗಿ ನಗೆಗೀಡಾಗುತ್ತಾನೆ. ಆಮೇಲೆ ತಳ್ಳುಗಾಡಿಯಲ್ಲಿ ಹಾಟ್ ಡಾಗ್ ಮಾರಲು ನಿಲ್ಲುತ್ತಾನೆ. ಅದು ಮಾಂಸದ ತಿನಿಸು, ನಮ್ಮ ಓದುಗರು ಮನ್ನಿಸಬೇಕು. ಮಾರುವುದಕ್ಕಿಂತ ತಿನ್ನುವುದೇ ಹೆಚ್ಚು.

ಗೋಷ್ಠಿಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ನಿವೃತ್ತರಾದ ಮಿತ್ರರೊಬ್ಬರು ಪುಟಪುಟಕ್ಕೂ ನಕ್ಕುದಾಗಿ ಹೇಳಿದರು. ಬ್ಯಾಂಕಿನಲ್ಲಿ ದುಡಿದ ಇನ್ನೊಬ್ಬರು ಐವತ್ತನೆಯ ಪುಟಕ್ಕೆ ಪುಸ್ತಕ ಮುಚ್ಚಿದ್ದರು. "ಗುರುಗಳೇ, ಇಂಥವನೊಬ್ಬ ನಮ್ಮ ಮನೆಯ ಜಗಲಿಯ ಮೇಲೆ ಕುಳಿತರೆ ಎಬ್ಬಿಸಿ ಕಳುಹಿಸುತ್ತೇವೆ. ಪುಸ್ತಕದಲ್ಲಿ ಕುಳಿತಮಾತ್ರಕ್ಕೆ ಏಕೆ ಸಹಿಸಬೇಕು?" ಎಂಬುದು ಅವರ ಪ್ರಶ್ನೆ. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದ ತಾಯಿಯೊಬ್ಬರು ಪೂರ್ತಿ ಓದಿ ಬಂದಿದ್ದರು. "ನನಗೆ ಎಲ್ಲಿಯೂ ನಗು ಬರಲಿಲ್ಲ" ಎಂದಷ್ಟೇ ಹೇಳಿ ಸುಮ್ಮನಾದರು. ಪದವಿ ಪಡೆದು ಬಂದ ಮಗ ಕೋಣೆ ಸೇರಿ ಕದವಿಕ್ಕಿಕೊಂಡ ಮನೆಗಳು ಈ ದಿನಗಳಲ್ಲಿ ಅಪರೂಪವಲ್ಲ. ಆ ತಾಯಿಯ ಮೌನಕ್ಕೆ ಕಾರಣ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಈ ಭಿನ್ನಮತ ನಮ್ಮ ಗೋಷ್ಠಿಯಲ್ಲಿ ಹುಟ್ಟಿದ್ದೇನಲ್ಲ. ಕೃತಿಯ ಮೊದಲ ಓದುಗನಿಂದಲೇ ಅದು ಆರಂಭವಾಗಿದೆ. 1963ರಲ್ಲಿ ಟೂಲ್ ಸೈನ್ಯಸೇವೆಯ ನಿಮಿತ್ತ ಪೋರ್ಟೊ ರಿಕೊದಲ್ಲಿದ್ದಾಗ ಇದನ್ನು ಬರೆಯತೊಡಗಿದನು. ನ್ಯೂಯಾರ್ಕಿನ ಸೈಮನ್ ಅಂಡ್ ಶುಸ್ಟರ್ ಪ್ರಕಾಶನದ ಸಂಪಾದಕ ರಾಬರ್ಟ್ ಗಾಟ್ಲೀಬ್ ಹಸ್ತಪ್ರತಿಯನ್ನು ಓದಿ ಮೆಚ್ಚಿದನು, ತಿದ್ದಿಸಿದನು, ಬಹುಕಾಲ ಪತ್ರವ್ಯವಹಾರ ನಡೆಸಿದನು. ನಗೆಯೇನೋ ಇದೆ, ಆದರೆ ಇಷ್ಟೆಲ್ಲ ನಗೆಯ ಹಿಂದಿನ ಅಭಿಪ್ರಾಯವೇನು ಎಂಬ ಅವನ ಶಂಕೆ ಕೊನೆಯವರೆಗೂ ಪರಿಹಾರವಾಗಲಿಲ್ಲ, ಪುಸ್ತಕ ಹೊರಬರಲಿಲ್ಲ. 1969ರ ಮಾರ್ಚಿಯಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ಟೂಲ್ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಪ್ರಕಾಶಕರ ನಿರಾಕರಣೆಯೇ ಅವನನ್ನು ಕೊಂದಿತೆಂದು ಹೇಳುವವರು ಅನೇಕರಿದ್ದಾರೆ. ಒಂದು ಜೀವದ ಲೆಕ್ಕವನ್ನು ಅಷ್ಟು ಸುಲಭವಾಗಿ ಮುಗಿಸಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಆ ಸಂಪಾದಕನ ಪ್ರಶ್ನೆಯೂ ಅಪ್ರಾಮಾಣಿಕವಾದುದಲ್ಲ.

ತಾಯಿ ಥೆಲ್ಮಾ ಟೂಲ್ ಹಸ್ತಪ್ರತಿಯನ್ನು ಹೊತ್ತು ಹಲವು ಪ್ರಕಾಶಕರ ಬಾಗಿಲು ತಟ್ಟಿದಳು. 1976ರಲ್ಲಿ ಅದೇ ನಗರದ ಲೊಯೋಲಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಕಾದಂಬರಿಕಾರ ವಾಕರ್ ಪರ್ಸಿಯನ್ನು ಹಿಡಿದಳು. ಮಸುಕಾದ ಕಾರ್ಬನ್ ಪ್ರತಿ. ನಾಲ್ಕು ಪುಟ ಓದಿ ತಪ್ಪಿಸಿಕೊಳ್ಳಬಹುದೆಂದು ಪರ್ಸಿ ಆಶಿಸಿದ್ದನಂತೆ. ತಪ್ಪಿಸಿಕೊಳ್ಳಲಾಗಲಿಲ್ಲ. 1980ರಲ್ಲಿ ಲೂಯಿಸಿಯಾನಾ ರಾಜ್ಯ ವಿಶ್ವವಿದ್ಯಾಲಯದ ಮುದ್ರಣಾಲಯ 2,500 ಪ್ರತಿಗಳನ್ನು ಅಚ್ಚು ಹಾಕಿತು. 1981ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತು. 1996ರಲ್ಲಿ ನಗರದ ಕೆನಾಲ್ ಬೀದಿಯಲ್ಲಿ ಇಗ್ನೇಷಿಯಸ್‌ನ ಕಂಚಿನ ಪ್ರತಿಮೆಯನ್ನೂ ನಿಲ್ಲಿಸಿದರು. ಬರೆದವನ ಈ ಕಥೆ ತಿಳಿದವರು ಕೃತಿಯನ್ನು ಕರುಣೆಯಿಂದಲೇ ಓದುತ್ತಾರೆ. ಇದು ನ್ಯಾಯವಲ್ಲವೆಂದು ಬ್ಯಾಂಕಿನ ಮಿತ್ರರ ವಾದ. ಸಾವನ್ನು ತೋರಿಸಿ ಪುಸ್ತಕಕ್ಕೆ ಅಂಕ ಕೊಡಬಾರದೆಂಬ ಅವರ ಮಾತನ್ನು ನಾವೂ ಒಪ್ಪುತ್ತೇವೆ.

ಹಾಗಾದರೆ ಪುಸ್ತಕದ ಒಳಗೇ ಉತ್ತರವಿದೆಯೇ? ನಾವು ಹುಡುಕಿದ್ದು ಇಗ್ನೇಷಿಯಸ್‌ನ ಕೈಯಲ್ಲಿರುವ ಗ್ರಂಥದಲ್ಲಿ. ಕ್ರಿ.ಶ. 6ನೆಯ ಶತಮಾನದ ಆರಂಭದಲ್ಲಿ ಬೋಥಿಯಸ್ ಎಂಬ ರೋಮನ್ ಪಂಡಿತನು ರಾಜದ್ರೋಹದ ಆರೋಪ ಹೊತ್ತು, ಸೆರೆಯಲ್ಲಿ ಮರಣದಂಡನೆಯನ್ನು ಎದುರು ನೋಡುತ್ತ ಬರೆದ 'ತತ್ತ್ವಜ್ಞಾನದ ಸಾಂತ್ವನ' ಅದು. ತತ್ತ್ವವೇ ಸ್ತ್ರೀರೂಪದಲ್ಲಿ ಸೆರೆಮನೆಗೆ ಬಂದು, ಭಾಗ್ಯದೇವತೆಯ ಚಕ್ರ ಮೇಲೇರಿಸುವುದೂ ಕೆಳಗಿಳಿಸುವುದೂ ಅದರ ಸ್ವಭಾವವೆಂದೂ, ಅದರಲ್ಲಿ ನಂಬಿಕೆಯಿಟ್ಟವನು ದೂರುವ ಅಧಿಕಾರ ಕಳೆದುಕೊಂಡನೆಂದೂ, ನಿಜವಾದ ಸುಖ ಚಕ್ರಕ್ಕೆ ಸಿಕ್ಕದ ಕಡೆ ಇದೆಯೆಂದೂ ತಿಳಿಹೇಳುತ್ತದೆ. ಇಗ್ನೇಷಿಯಸ್‌ಗೆ ಈ ಗ್ರಂಥ ಪ್ರಾಣ. ಆದರೆ ಗ್ರಂಥದಿಂದ ಅವನು ಎತ್ತಿಕೊಂಡದ್ದು ಚಕ್ರವನ್ನು ಮಾತ್ರ. ಕೆಲಸ ಹೋದರೆ ಚಕ್ರದ ತಪ್ಪು. ಹೊಟ್ಟೆ ಉಬ್ಬರಿಸಿದರೆ ಚಕ್ರದ ತಪ್ಪು. ಯಾವುದನ್ನು ದೂರಬಾರದೆಂದು ಬೋಥಿಯಸ್ ಬರೆದನೋ ಅದನ್ನೇ ದೂರುವುದಕ್ಕೆ ಇವನು ಬೋಥಿಯಸ್‌ನನ್ನು ಓದಿದ್ದಾನೆ! ಗ್ರಂಥಗಳ ನಡುವೆ ಬಾಳು ಸವೆಸಿದವರಿಗೆ ಈ ರೋಗದ ಪರಿಚಯ ಉಂಟು. ಶಾಸ್ತ್ರ ಓದಿದವನಿಗೆ ಶಾಸ್ತ್ರ ಕವಚವಾಗಿಬಿಟ್ಟರೆ ಹೊರಗಿನ ಬಾಣ ನಾಟುವುದಿಲ್ಲ, ನಿಜ; ಒಳಗಿನ ಹುಣ್ಣಿಗೆ ಗಾಳಿಯೂ ಆಡುವುದಿಲ್ಲ.

ಅದಕ್ಕಿಂತ ಸೊಗಸಾದುದು ಆ ಗ್ರಂಥದ ಸಂಚಾರ. ಅದು ಇಗ್ನೇಷಿಯಸ್‌ನ ಮನೆಯಿಂದ ಒಬ್ಬ ಬಡಪಾಯಿ ಪೋಲೀಸನ ಕೈಗೆ ಬರುತ್ತದೆ. ಮೇಲಧಿಕಾರಿಯ ಶಿಕ್ಷೆಯಿಂದ ಬಸ್ ನಿಲ್ದಾಣದ ಶೌಚಾಲಯದಲ್ಲಿ ಕಾವಲು ಕೂರುವ ಅವನಿಂದ ಒಬ್ಬ ಪೋಕರಿ ಹುಡುಗ ಅದನ್ನು ಅಪಹರಿಸುತ್ತಾನೆ. ಅಲ್ಲಿಂದ ಅದು ಒಂದು ಮದ್ಯದಂಗಡಿಯ ಒಡತಿಯ ಅಸಹ್ಯ ವ್ಯಾಪಾರದೊಳಕ್ಕೆ ಸೇರುತ್ತದೆ. ಒಂದು ಚಿತ್ರದಲ್ಲಿ ಅವಳ ಕೈಯಲ್ಲಿ ಆ ಗ್ರಂಥವನ್ನು ಕಂಡ ನಮ್ಮ ಮಹಾಪಂಡಿತನು, ಮಿಕ್ಕದ್ದೇನನ್ನೂ ಗಣಿಸದೆ, ಅವಳು ವಿದುಷಿಯೇ ಇರಬೇಕೆಂದು ನಿಶ್ಚಯಿಸಿ ಹುಡುಕಿಕೊಂಡು ಹೊರಡುತ್ತಾನೆ. ಕೈಯಲ್ಲಿ ಗ್ರಂಥವಿದ್ದುದೇ ಪಾಂಡಿತ್ಯಕ್ಕೆ ಸಾಕ್ಷಿಯೆಂಬ ಭ್ರಮೆಯನ್ನು ಇಷ್ಟು ನಿರ್ದಯವಾಗಿ ಅಣಕಿಸಿದ ಪ್ರಸಂಗವನ್ನು ನಾವು ಬೇರೆಲ್ಲಿಯೂ ಓದಿಲ್ಲ. ಇಲ್ಲಿ ನಾವೂ ಬಿದ್ದು ಬಿದ್ದು ನಕ್ಕೆವು. ನಮ್ಮ ಪ್ರಾಚೀನರಿಗೂ ಇದು ಪರಕೀಯವೆನಿಸುತ್ತಿರಲಿಲ್ಲ. 7ನೆಯ ಶತಮಾನದ ಪಲ್ಲವ ಅರಸು ಮಹೇಂದ್ರವರ್ಮನು 'ಮತ್ತವಿಲಾಸ' ಪ್ರಹಸನದಲ್ಲಿ ಕುಡುಕ ಕಾಪಾಲಿಕನ ಕಳೆದುಹೋದ ಕಪಾಲವನ್ನು ಬೀದಿಯೆಲ್ಲ ಹುಡುಕಿಸಿದವನಲ್ಲವೇ? ವ್ಯತ್ಯಾಸವೆಂದರೆ ಪ್ರಹಸನ ಒಂದೇ ಅಂಕಕ್ಕೆ ಮುಗಿಯುತ್ತದೆ. 400 ಪುಟ ಒಬ್ಬನ ಜೊತೆ ಇದ್ದವನಿಗೆ ನಗೆಯೊಂದೇ ಸಾಲದು. ಓದುಗರು ಎರಡು ಪಂಗಡವಾಗುವುದು ಈ ಸ್ಥಳದಲ್ಲಿಯೇ ಎಂದು ನಮ್ಮ ಎಣಿಕೆ.

ಗೋಷ್ಠಿಯ ತರುಣನೊಬ್ಬನು ಬೇರೊಂದು ಆಕ್ಷೇಪ ಎತ್ತಿದನು. ಬರ್ಮಾ ಜೋನ್ಸ್ ಎಂಬ ಕರಿಯ ಯುವಕನ ಆಡುನುಡಿಯನ್ನು ಬಿಳಿಯ ಲೇಖಕನು ನಗೆಗಾಗಿ ಬಳಸಿದ್ದಾನೆಂಬುದು ಅದು. ಆ ದೇಶದಲ್ಲಿಯೂ ಈ ಆಕ್ಷೇಪವಿದೆ, ಹಗುರವಾದುದಲ್ಲ. ಆದರೆ ಕಥೆಯಲ್ಲಿ ಜೋನ್ಸನ ಸ್ಥಿತಿಯನ್ನು ನೋಡಬೇಕು. ಕೆಲಸವಿಲ್ಲದೆ ತಿರುಗಿದರೆ ಅಲೆಮಾರಿಯೆಂದು ಪೋಲೀಸರು ಹಿಡಿಯುತ್ತಾರೆ. ಆ ಭಯದಿಂದ ಕಾನೂನಿನ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ಅದೇ ಮದ್ಯದಂಗಡಿಯ ನೆಲ ಒರೆಸುತ್ತಾನೆ. ಇಗ್ನೇಷಿಯಸ್‌ಗೆ ದುಡಿಮೆ ಬೇಡವಾದ ಉಪದ್ರವ, ಜೋನ್ಸನಿಗೆ ಸೆರೆಮನೆಯಿಂದ ತಪ್ಪಿಸಿಕೊಳ್ಳುವ ದಾರಿ. ಇಡೀ ಕಾದಂಬರಿಯಲ್ಲಿ ತನ್ನ ಸುತ್ತ ನಡೆಯುವುದನ್ನು ಸರಿಯಾಗಿ ಕಾಣುವ ಕಣ್ಣು ಕಪ್ಪು ಕನ್ನಡಕದ ಹಿಂದಿನ ಅವನದೇ ಎಂದು ನಾವು ಹೇಳಿದೆವು. ತರುಣನು ಪೂರ್ತಿ ಒಪ್ಪಲಿಲ್ಲ.

ಕಡೆಗೆ ಮಾತು ತಾಯಿಯಲ್ಲಿಗೆ ಬಂದಿತು. ಐರೀನ್ ರೈಲಿ ಕುಡಿಯುತ್ತಾಳೆ, ಅಳುತ್ತಾಳೆ, ಮಗನಿಗೆ ಹೆದರುತ್ತಾಳೆ. ಇಗ್ನೇಷಿಯಸ್ ಅವಳನ್ನು ಎಷ್ಟೋ ಬಾರಿ ಹೀಯಾಳಿಸುತ್ತಾನೆ. ಕಾದಂಬರಿಯ ಅಂತ್ಯದಲ್ಲಿ ಅವಳು ಮಗನನ್ನು ಮಾನಸಿಕ ಚಿಕಿತ್ಸೆಗೆ ಆಸ್ಪತ್ರೆಗೆ ಸೇರಿಸಲು ಒಪ್ಪುತ್ತಾಳೆ. ತನ್ನ ಪಾಲಿನ ಬಾಳನ್ನು ಬಾಳಲು ಹೊರಡುತ್ತಾಳೆ. ಹೊರಡುವ ಮುನ್ನ ಮಗನ ವಿದ್ಯೆಯಲ್ಲಿ ಏನು ಕೊರತೆಯಾಯಿತೆಂದು ಒಂದೇ ವಾಕ್ಯದಲ್ಲಿ ಆಡಿಬಿಡುತ್ತಾಳೆ. ಆ ವಾಕ್ಯವನ್ನು ಇಲ್ಲಿ ಬರೆದರೆ ಮುಂದೆ ಓದುವವರ ಪಾಲನ್ನು ನಾವು ಕಸಿದಂತಾಗುತ್ತದೆ. ಗಾಟ್ಲೀಬನು ಕೇಳಿದ ಅಭಿಪ್ರಾಯ, ನಮ್ಮ ಮಟ್ಟಿಗೆ, ಅಲ್ಲಿಯೇ ಇದೆ.

ಆಸ್ಪತ್ರೆಯ ಬಂಡಿ ಬರುವುದಕ್ಕೆ ಕೆಲವೇ ಕ್ಷಣ ಮೊದಲು, ಇಗ್ನೇಷಿಯಸ್ ಸದಾ ಪತ್ರದಲ್ಲಿ ಜಗಳವಾಡುತ್ತಿದ್ದ ಮಿರ್ನಾ ಎಂಬ ಗೆಳತಿ ನ್ಯೂಯಾರ್ಕಿನಿಂದ ಕಾರಿನಲ್ಲಿ ಬಂದು ಅವನನ್ನು ಕರೆದೊಯ್ಯುತ್ತಾಳೆ. ಹಿಂದಿನ ಆಸನದಲ್ಲಿ ಕುಳಿತ ಅವನು ಅವಳ ಜಡೆಯನ್ನು ಕೈಗೆತ್ತಿಕೊಂಡು ತನ್ನ ಒದ್ದೆ ಮೀಸೆಗೆ ಒತ್ತಿಕೊಳ್ಳುತ್ತಾನೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಅದು ಕೃತಜ್ಞತೆ, ಅವನ ಜೀವನದ ಮೊದಲ ಕೃತಜ್ಞತೆ ಎಂದು ಇಂಗ್ಲಿಷ್ ಅಧ್ಯಾಪಕರು ಹೇಳಿದರು. ಮುಖ್ಯೋಪಾಧ್ಯಾಯಿನಿಯವರು ಆಗ ಮೊದಲ ಬಾರಿಗೆ ನಕ್ಕರು. "ಇರಬಹುದು. ಆದರೆ ಆ ಹುಡುಗಿಯ ಮನೆಯಲ್ಲಿ ಒಂದು ವಾರ ಕಳೆಯಲಿ, ಆಮೇಲೆ ಹೇಳುತ್ತೇನೆ" ಎಂದರು. ಬ್ಯಾಂಕಿನ ಮಿತ್ರರು ಪುಸ್ತಕವನ್ನು ಪುನಃ ಕೇಳಿ ಪಡೆದುಕೊಂಡರು. ಐವತ್ತೊಂದನೆಯ ಪುಟದಿಂದ ಆರಂಭಿಸುವರೋ, ಜಡೆಯ ಪ್ರಸಂಗವನ್ನು ಮಾತ್ರ ನೋಡುವರೋ, ಮುಂದಿನ ಗೋಷ್ಠಿಯಲ್ಲಿ ತಿಳಿಯುತ್ತದೆ.